ರೂಟರ್ ಫರ್ಮ್‌ವೇರಿನಲ್ಲಿ ಓಪನ್ ವಿಸ್ವಿಚ್: ಪ್ಯಾಕೇಜನ್ನು ಕಟ್ಟಿ ಉಳಿಸಿಕೊಳ್ಳುವ ದಾರಿಗಳಲ್ಲಿ ಯಾವುದನ್ನು ಆರಿಸಬೇಕು

ಬದಿಯಡ್ಕ ಮತ್ತು ಮುಳ್ಳೇರಿಯದ ನಡುವೆ ನಾಲ್ಕು ಕಡೆಗಳಲ್ಲಿ ನಾನು ರೂಟರುಗಳನ್ನು ನೋಡಿಕೊಳ್ಳುತ್ತಿದ್ದೇನೆ: ಒಂದು ಅಡಿಕೆ ಗೋದಾಮು, ಒಂದು ವಾಚನಾಲಯ, ಎರಡು ಮನೆಗಳು. ನಾಲ್ಕರಲ್ಲಿಯೂ ಲಿನಕ್ಸನ್ನು ಆಧರಿಸಿದ ಓಪನ್‌ಡಬ್ಲ್ಯೂಆರ್‌ಟಿ ಫರ್ಮ್‌ವೇರ್ (ರೂಟರನ್ನು ನಡೆಸುವ ತಂತ್ರಾಂಶ) ಇದೆ. ಮೊದಲು ನಾಲ್ಕರಲ್ಲಿಯೂ ಓಪನ್ ವಿಸ್ವಿಚ್ ಎಂಬ ವರ್ಚುವಲ್ ಸ್ವಿಚ್ಚಿನ (ಪೋರ್ಟುಗಳ ನಡುವೆ ದತ್ತಾಂಶವನ್ನು ತಂತ್ರಾಂಶದಲ್ಲೇ ಸಾಗಿಸುವ ಸ್ವಿಚ್) ಪ್ಯಾಕೇಜು ಕೂಡ ಇತ್ತು. ಈಗ ಗೋದಾಮಿನಲ್ಲಿ ಮತ್ತು ವಾಚನಾಲಯದಲ್ಲಿ ಮಾತ್ರ ಉಳಿದಿದೆ. ಮನೆಗಳಿಂದ ಅದನ್ನು ತೆಗೆದವನು ನಾನೇ. ಎರಡು ಕಡೆ ತೆಗೆಯುವುದಕ್ಕೂ ಎರಡು ಕಡೆ ಉಳಿಸಿಕೊಳ್ಳುವುದಕ್ಕೂ ಕಾರಣವಾದ ಯೋಚನೆಯನ್ನು, ಇಂಥ ಪ್ಯಾಕೇಜನ್ನು ತಮ್ಮ ಫರ್ಮ್‌ವೇರಿಗೆ ಸೇರಿಸಬೇಕೆಂದಿರುವವರಿಗೂ ಅದನ್ನು ಕಟ್ಟಿಕೊಡುವ (ಬಿಲ್ಡ್ ಮಾಡುವ) ಹೊಣೆಯನ್ನು ಹೊತ್ತವರಿಗೂ ಉಪಯೋಗವಾಗುವಂತೆ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮುಂದೆ ಬರುವ ಪ್ರತಿಯೊಂದು ಆಯ್ಕೆಯಲ್ಲಿಯೂ ನಾನು ಕೇಳುವ ಪ್ರಶ್ನೆ ಒಂದೇ: ಕರ್ನಲ್ (ಲಿನಕ್ಸಿನ ತಿರುಳು) ಬದಲಾದ ದಿನ ಇದನ್ನು ಮತ್ತೆ ಕಟ್ಟಿ ಪರೀಕ್ಷಿಸುವವರು ಯಾರು? ಸೌಲಭ್ಯಗಳ ಪಟ್ಟಿಯನ್ನು ನೋಡಿ ಆರಿಸಿದವರು ಮೊದಲ ವರ್ಷ ಸಂತೋಷವಾಗಿಯೇ ಇರುತ್ತಾರೆ. ಎರಡನೆಯ ವರ್ಷ ಫರ್ಮ್‌ವೇರಿನ ಹೊಸ ಆವೃತ್ತಿ ಬಂದಾಗ ಕಷ್ಟ ತೊಡಗುತ್ತದೆ.

ಮೊದಲ ಆಯ್ಕೆ: ವರ್ಚುವಲ್ ಸ್ವಿಚ್ ಬೇಕೇ ಬೇಡವೇ

ಓಪನ್‌ಡಬ್ಲ್ಯೂಆರ್‌ಟಿಯ 21.02 ಆವೃತ್ತಿಯಿಂದ ಹಲವು ರೂಟರುಗಳಲ್ಲಿ ಸ್ವಿಚ್ ಚಿಪ್ಪನ್ನು ನಡೆಸುವ ರೀತಿ ಬದಲಾಯಿತು. ಹಳೆಯ ಸ್ವಿಚ್‌ಕಾನ್ಫಿಗ್ ಸಾಧನ ಹೋಗಿ ಕರ್ನಲಿನದೇ ಆದ ಡಿಎಸ್‌ಎ ಏರ್ಪಾಡು ಬಂತು. ರೂಟರಿನ ಹಿಂಭಾಗದ ಒಂದೊಂದು ಪೋರ್ಟೂ ಲಿನಕ್ಸಿಗೆ ಬೇರೆ ಬೇರೆ ಇಂಟರ್‌ಫೇಸಾಗಿ ಕಾಣತೊಡಗಿತು. ಈ ಪೋರ್ಟುಗಳನ್ನು ಲಿನಕ್ಸಿನ ಸಾಮಾನ್ಯ ಬ್ರಿಡ್ಜಿಗೆ (ಹಲವು ಪೋರ್ಟುಗಳನ್ನು ಒಂದೇ ಜಾಲವಾಗಿ ಜೋಡಿಸುವ ಭಾಗ) ಸೇರಿಸಿದರೆ, ಡಿಎಸ್‌ಎ ಚಾಲಕವು ಆ ಕೆಲಸವನ್ನು ಚಿಪ್ಪಿಗೇ ಒಪ್ಪಿಸುತ್ತದೆ. ಆಗ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಹೋಗುವ ಫ್ರೇಮು (ದತ್ತಾಂಶದ ತುಣುಕು) ಪ್ರೊಸೆಸರಿನ ತನಕ ಬರುವುದೇ ಇಲ್ಲ. ವಿಲ್ಯಾನ್ ವಿಂಗಡಣೆ (ಒಂದೇ ತಂತಿಯ ಸಂಚಾರವನ್ನು ಬೇರೆ ಬೇರೆ ಜಾಲಗಳಾಗಿ ಬೇರ್ಪಡಿಸುವುದು) ಲಿನಕ್ಸ್ ಬ್ರಿಡ್ಜಿನೊಳಗೇ 2013ರಿಂದ ಇದೆ, ಅದನ್ನು ಓಪನ್‌ಡಬ್ಲ್ಯೂಆರ್‌ಟಿಯ ನೆಟ್‌ವರ್ಕ್ ಕಡತದಲ್ಲಿ ನೇರವಾಗಿ ಬರೆಯಬಹುದು. ಮನೆಯವರ ವೈಫೈ ಒಂದು, ಅತಿಥಿಗಳದ್ದು ಇನ್ನೊಂದು, ಕ್ಯಾಮೆರಾಗಳದ್ದು ಮತ್ತೊಂದು ಎಂಬಷ್ಟೇ ವಿಂಗಡಣೆ ಸಾಕಾಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬ್ರಿಡ್ಜು ಕರ್ನಲಿನ ಭಾಗವಾದುದರಿಂದ ಕರ್ನಲಿನ ಜೊತೆಗೇ ಬರುತ್ತದೆ. ಬೇರೆ ಯಾರೂ ಅದನ್ನು ಪ್ರತ್ಯೇಕವಾಗಿ ಕಟ್ಟಬೇಕಾಗಿಲ್ಲ.

ಅದೇ ಪೋರ್ಟುಗಳನ್ನು ಓಪನ್ ವಿಸ್ವಿಚ್ಚಿನ ಬ್ರಿಡ್ಜಿಗೆ ಸೇರಿಸಿದಾಗ ಸಾಮಾನ್ಯ ಮನೆಬಳಕೆಯ ರೂಟರುಗಳಲ್ಲಿ ಚಿಪ್ಪಿನ ಈ ನೆರವು ತಪ್ಪಿಹೋಗುತ್ತದೆ. ಪ್ರತಿಯೊಂದು ಫ್ರೇಮೂ ಚಿಪ್ಪಿನಿಂದ ಪ್ರೊಸೆಸರಿಗೆ ಏರಿ, ಅಲ್ಲಿ ತೀರ್ಮಾನವಾಗಿ ಮತ್ತೆ ಇಳಿಯಬೇಕು. ಹೊಸ ಹರಿವಿನ (ಎರಡು ಯಂತ್ರಗಳ ನಡುವಿನ ಒಂದು ಸಂಭಾಷಣೆಯ) ಮೊದಲ ಪ್ಯಾಕೆಟ್ ಕರ್ನಲಿನಿಂದ ಹೊರಗೆ, ವಿಸ್ವಿಚ್‌ಡಿ ಎಂಬ ಸೇವೆಯವರೆಗೆ ಹೋಗಿ ಬರುತ್ತದೆ. ಅನಂತರದ ಪ್ಯಾಕೆಟ್‌ಗಳಿಗೆ ಬೇಕಾದ ತೀರ್ಮಾನವನ್ನು ಕರ್ನಲ್ ನೆನಪಿಟ್ಟುಕೊಳ್ಳುತ್ತದೆ. ಸರ್ವರುಗಳಲ್ಲಿ ಇದು ಭಾರವೆನಿಸುವುದಿಲ್ಲ, 880 ಮೆಗಾಹರ್ಟ್ಸಿನ ಮಿಪ್ಸ್ ಪ್ರೊಸೆಸರಿನಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಹಾಗಿದ್ದರೂ ಇದನ್ನು ಆರಿಸಲು ಗಟ್ಟಿಯಾದ ಕಾರಣಗಳಿವೆ. ಓಪನ್‌ಫ್ಲೋ (ಸ್ವಿಚ್ಚಿಗೆ ಹೊರಗಿನಿಂದ ಅಪ್ಪಣೆ ಕೊಡುವ ವಿಧಾನ) ನಿಯಮಗಳಿಂದ ಹರಿವುಗಳನ್ನು ಒಂದೊಂದಾಗಿ ನಿಯಂತ್ರಿಸುವುದು, ಒಂದು ಪೋರ್ಟಿನ ಸಂಚಾರವನ್ನು ಇನ್ನೊಂದಕ್ಕೆ ಪ್ರತಿ ಮಾಡಿ ತೋರಿಸುವುದು, ವಿಎಕ್ಸ್‌ಲ್ಯಾನ್ ಅಥವಾ ಜೆನೀವ್ ಸುರಂಗಗಳನ್ನು (ಬೇರೆ ಬೇರೆ ಕಡೆಯ ಜಾಲಗಳನ್ನು ಜೋಡಿಸುವ ದಾರಿಗಳನ್ನು) ದೂರದ ಕಂಟ್ರೋಲರಿನಿಂದ, ಎಂದರೆ ಸ್ವಿಚ್ಚಿಗೆ ಅಪ್ಪಣೆ ಕೊಡುವ ಪ್ರೋಗ್ರಾಮಿನಿಂದ, ನಡೆಸುವುದು, ಇವೆಲ್ಲ ಒಂದೇ ಕಡೆ ಸಿಗುವುದು ಇಲ್ಲಿ. ನಮ್ಮ ಗೋದಾಮಿನಲ್ಲಿ ಲೆಕ್ಕದ ಕಂಪ್ಯೂಟರು, ಕ್ಯಾಮೆರಾ ಮತ್ತು ಬಂದುಹೋಗುವವರ ವೈಫೈ ಒಂದೇ ತಂತಿಯಲ್ಲಿ ಹೋಗುತ್ತವೆ, ತೊಂದರೆ ಬಂದಾಗ ನಾನು ಮನೆಯಲ್ಲೇ ಕುಳಿತು ಒಂದು ಹರಿವನ್ನು ಮಾತ್ರ ಪ್ರತಿ ಮಾಡಿ ನೋಡಬೇಕಾಗುತ್ತದೆ. ವಾಚನಾಲಯದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ರಜೆಯಲ್ಲಿ ಬಂದು ಓಪನ್‌ಫ್ಲೋ ಕಲಿಯುತ್ತಾರೆ. ಮನೆಗಳಲ್ಲಿ ಇಂಥ ಅಗತ್ಯ ಯಾವುದೂ ಇರಲಿಲ್ಲ.

ಮೂರನೆಯ ದಾರಿಯೊಂದಿದೆ: ಕರ್ನಲ್ ಮಾಡ್ಯೂಲೇ (ಕರ್ನಲಿಗೆ ಸೇರಿಸುವ ಭಾಗವೇ) ಇಲ್ಲದೆ ಓಪನ್ ವಿಸ್ವಿಚ್ಚನ್ನು ಪೂರ್ತಿಯಾಗಿ ಬಳಕೆದಾರರ ವಲಯದಲ್ಲಿ, ಎಂದರೆ ಕರ್ನಲಿನ ಹೊರಗೆ, ಓಡಿಸುವುದು. ಕರ್ನಲಿನ ಹಂಗು ತಪ್ಪುವುದರಿಂದ ಕಟ್ಟುವವರಿಗೆ ಇದು ಸುಲಭವೆನಿಸುತ್ತದೆ. ಡಿಪಿಡಿಕೆಯಂಥ, ಪ್ಯಾಕೆಟ್‌ಗಳನ್ನು ಕರ್ನಲಿನ ಹೊರಗೆ ವೇಗವಾಗಿ ಸಾಗಿಸುವ ಲೈಬ್ರರಿಯ ನೆರವಿಲ್ಲದೆ ಅದರ ವೇಗ ಕಡಿಮೆ, ಡಿಪಿಡಿಕೆಗೆ ಬೇಕಾದ ಮೆಮೊರಿ ಚಿಕ್ಕ ರೂಟರುಗಳಲ್ಲಿ ಇರುವುದಿಲ್ಲ. ಪ್ರಯೋಗಕ್ಕೆ ಮಾತ್ರ ಇಟ್ಟುಕೊಳ್ಳಿ.

ಫ್ಲಾಶ್ ಮತ್ತು ಮೆಮೊರಿಯ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. 8 ಎಂಬಿ ಫ್ಲಾಶ್ ಮತ್ತು 64 ಎಂಬಿ ಮೆಮೊರಿಯ ರೂಟರಿನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ತಾನೇ ಇಕ್ಕಟ್ಟಿನಲ್ಲಿರುತ್ತದೆ. ಅದಕ್ಕೆ ವಿಸ್ವಿಚ್‌ಡಿ, ಡೇಟಾಬೇಸ್ ಸರ್ವರ್ ಮತ್ತು ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಹೇರುವ ಯೋಚನೆ ಬೇಡ. 128 ಎಂಬಿ ಫ್ಲಾಶ್, 256 ಎಂಬಿ ಮೆಮೊರಿ ಇದ್ದರೆ ನೆಮ್ಮದಿ.

ಕರ್ನಲ್ ಮಾಡ್ಯೂಲ್ ಎಲ್ಲಿಂದ ಬರಬೇಕು

ಬೇಕು ಎಂದು ತೀರ್ಮಾನಿಸಿದವರ ಮುಂದೆ ಬರುವ ಅತಿ ಮುಖ್ಯವಾದ ಆಯ್ಕೆ ಇದು. ಓಪನ್ ವಿಸ್ವಿಚ್ಚಿನ ಮಾಡ್ಯೂಲು 2012ರ ಮಾರ್ಚಿನಲ್ಲಿ ಬಂದ ಲಿನಕ್ಸ್ 3.3ರಿಂದಲೇ ಕರ್ನಲಿನ ಮೂಲದೊಳಗೆ (ಸೋರ್ಸ್ ಕೋಡಿನೊಳಗೆ) ಇದೆ. ಅದರೊಂದಿಗೆ ಓಪನ್ ವಿಸ್ವಿಚ್ ಯೋಜನೆಯವರು ತಮ್ಮ ಮೂಲದಲ್ಲಿಯೂ ಅದೇ ಮಾಡ್ಯೂಲಿನ ಇನ್ನೊಂದು ಪ್ರತಿಯನ್ನು ಹಲವು ವರ್ಷ ಇಟ್ಟುಕೊಂಡಿದ್ದರು. ಹಳೆಯ ಕರ್ನಲ್ ಉಳ್ಳವರಿಗೂ ಹೊಸ ಸೌಲಭ್ಯಗಳು ಸಿಗಲಿ ಎಂಬುದು ಅದರ ಉದ್ದೇಶ. ಸುರಂಗಗಳ ಕೆಲವು ಸೌಲಭ್ಯಗಳು ಹಳೆಯ ಕರ್ನಲ್‌ಗಳಲ್ಲಿ ಇಲ್ಲದಿದ್ದ ಕಾಲದಲ್ಲಿ ಹೊರಗಿನ ಮಾಡ್ಯೂಲನ್ನು ಆರಿಸುವುದು ಸರಿಯಾಗಿಯೇ ಇತ್ತು. ನಾನೂ ಅದನ್ನೇ ಕಟ್ಟುತ್ತಿದ್ದೆ.

ಆ ದಾರಿ ಹೇಗೆ ಮುಚ್ಚಿತು ಎಂಬುದನ್ನು ಸಂಖ್ಯೆಗಳಲ್ಲಿಯೇ ನೋಡಬಹುದು. ಓಪನ್ ವಿಸ್ವಿಚ್ 2.15, 2.16, 2.17 ಈ ಮೂರರ ಹೊರಗಿನ ಮಾಡ್ಯೂಲುಗಳು ಕರ್ನಲ್ 5.8ರ ತನಕ ಮಾತ್ರ ಹೊಂದುತ್ತಿದ್ದವು. ಓಪನ್‌ಡಬ್ಲ್ಯೂಆರ್‌ಟಿ 21.02ರಲ್ಲಿ ಇದ್ದುದು ಕರ್ನಲ್ 5.4, ಆದ್ದರಿಂದ ಅಲ್ಲಿ ಕೆಲಸ ನಡೆಯಿತು. 22.03ರಲ್ಲಿ ಕರ್ನಲ್ 5.10 ಬಂದಾಗ ದಾರಿ ಕಡಿಯಿತು. 2022ರ ಆಗಸ್ಟಿನಲ್ಲಿ ಹೊರಬಂದ ಓಪನ್ ವಿಸ್ವಿಚ್ 3.0ರಲ್ಲಿ ಹೊರಗಿನ ಲಿನಕ್ಸ್ ಮಾಡ್ಯೂಲನ್ನು ತೆಗೆದೇ ಹಾಕಿದರು. ಅನಂತರದ 23.05ರಲ್ಲಿ 5.15, 24.10ರಲ್ಲಿ 6.6 ಇವೆ, ಹಳೆಯ ಮಾಡ್ಯೂಲನ್ನು ತೇಪೆ ಹಚ್ಚಿ ಹಚ್ಚಿ ಇವುಗಳಿಗೆ ಹೊಂದಿಸುತ್ತೇನೆ ಎಂದು ಹೊರಡುವವರು ಕರ್ನಲಿನ ನೆಟ್‌ವರ್ಕ್ ಭಾಗದಲ್ಲಿ ಆದ ಒಂದೊಂದು ಬದಲಾವಣೆಯನ್ನೂ ತಾವೇ ಹಿಂಬಾಲಿಸಬೇಕಾಗುತ್ತದೆ.

ಹೀಗಾಗಿ ಕರ್ನಲಿನೊಳಗಿನ ಮಾಡ್ಯೂಲನ್ನೇ ಆರಿಸಬೇಕು. ಅದು ಕರ್ನಲಿನ ಜೊತೆಗೇ ಕಟ್ಟಲ್ಪಡುತ್ತದೆ, ಅದರ ಭದ್ರತಾ ತಿದ್ದುಪಡಿಗಳು ಕರ್ನಲಿನ ತಿದ್ದುಪಡಿಗಳ ಜೊತೆಗೇ ಬರುತ್ತವೆ, ವಿಸ್ವಿಚ್‌ಡಿ ಸೇವೆಗೂ ಅದಕ್ಕೂ ನಡುವಿನ ಮಾತುಕತೆ ಹಲವು ಆವೃತ್ತಿಗಳ ಅಂತರವನ್ನು ತಾಳಿಕೊಳ್ಳುತ್ತದೆ. ಪ್ಯಾಕೇಜು ಕಟ್ಟುವವರ ಪಾಲಿಗೆ ಉಳಿಯುವುದು ಬಳಕೆದಾರರ ವಲಯದ ಭಾಗ ಮತ್ತು ಯಾವ ಮಾಡ್ಯೂಲುಗಳು ಬೇಕೆಂದು ಸರಿಯಾಗಿ ಹೇಳುವ ಕೆಲಸ. ಜೆನೀವ್, ಜಿಆರ್‌ಇ, ವಿಎಕ್ಸ್‌ಲ್ಯಾನ್ ಮಾಡ್ಯೂಲುಗಳನ್ನು ಮುಖ್ಯ ಪ್ಯಾಕೇಜಿಗೆ ಕಡ್ಡಾಯವಾಗಿ ಕಟ್ಟಿಹಾಕದೆ ಪ್ರತ್ಯೇಕವಾಗಿಡುವುದು ಒಳ್ಳೆಯದು. ಸುರಂಗ ಬೇಡದ ಗೋದಾಮಿನವರು ಅವುಗಳ ಭಾರ ಹೊರಬೇಕಾಗಿಲ್ಲ.

ಯಾವ ಆವೃತ್ತಿ: ಹೊಚ್ಚ ಹೊಸದೋ, ದೀರ್ಘಾವಧಿಯದೋ

ಓಪನ್ ವಿಸ್ವಿಚ್ಚಿನ ಹೊಸ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ. ಅವುಗಳಲ್ಲಿ ಕೆಲವನ್ನು ದೀರ್ಘಾವಧಿಯ ಬೆಂಬಲಕ್ಕೆ ಆರಿಸುತ್ತಾರೆ: 2.13, ಅನಂತರ 2022ರ 2.17, ಅನಂತರ 2024ರ ಫೆಬ್ರವರಿಯ 3.3. ಪ್ರಯೋಗಶಾಲೆಯಲ್ಲಿ ಹೊಸ ಓಪನ್‌ಫ್ಲೋ ಕ್ರಿಯೆಯೊಂದು ಬೇಕೆನ್ನುವವರು ಹೊಸದನ್ನು ಆರಿಸಲಿ. ಉಳಿದವರೆಲ್ಲ, ವಿಶೇಷವಾಗಿ ಒಬ್ಬರೇ ಬಿಡುವಿನ ವೇಳೆಯಲ್ಲಿ ಪ್ಯಾಕೇಜು ನೋಡಿಕೊಳ್ಳುವವರು, ದೀರ್ಘಾವಧಿಯದನ್ನೇ ಆರಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದಕ್ಕೆ ಕಾರಣ ಭದ್ರತೆ. ಸಿವಿಇ-2023-1668 ಎಂಬ ದೋಷವನ್ನು ನೆನಪಿಸಿಕೊಳ್ಳಿ: ಐಪಿ ಶಿರೋಭಾಗದಲ್ಲಿ ಪ್ರೋಟೋಕಾಲ್ ಸಂಖ್ಯೆ 0 ಎಂದಿರುವ ಒಂದು ಪ್ಯಾಕೆಟ್ ಬಂದರೆ, ಅಗತ್ಯಕ್ಕಿಂತ ಅಗಲವಾದ ತಪ್ಪು ತೀರ್ಮಾನವೊಂದು ಕರ್ನಲಿನಲ್ಲಿ ಕುಳಿತು, ಸಂಬಂಧವಿಲ್ಲದ ಬೇರೆ ಐಪಿ ಪ್ಯಾಕೆಟ್‌ಗಳಿಗೂ ಅದೇ ಅನ್ವಯವಾಗುತ್ತಿತ್ತು. ಇಂಥದೊಂದು ಹೊರಬಿದ್ದ ದಿನ ಫರ್ಮ್‌ವೇರಿನ ಸ್ಥಿರ ಶಾಖೆಯಲ್ಲಿರುವ ಪ್ಯಾಕೇಜಿಗೆ ಬೇಕಾದದ್ದು ತಿದ್ದುಪಡಿ ಮಾತ್ರ. ಹೊಸ ಸೌಲಭ್ಯಗಳೂ ಬದಲಾದ ಡೇಟಾಬೇಸ್ ವಿನ್ಯಾಸವೂ ಜೊತೆಗೆ ಬರಬಾರದು. ದೀರ್ಘಾವಧಿಯ ಸರಣಿಯಲ್ಲಿದ್ದರೆ ಕೊನೆಯ ಅಂಕಿ ಮಾತ್ರ ಏರಿದ ಆವೃತ್ತಿ ಸಿಗುತ್ತದೆ. ಬೆಂಬಲ ಮುಗಿದ ನಡುವಿನ ಆವೃತ್ತಿಯಲ್ಲಿ ಸಿಕ್ಕಿಹಾಕಿಕೊಂಡವರು ತಿದ್ದುಪಡಿಯನ್ನು ತಾವೇ ಹಿಂದಕ್ಕೆ ಹೊಂದಿಸಬೇಕು, ಅದು ಸರಿಯಾಯಿತೇ ಎಂದು ತಾವೇ ನಿಶ್ಚಯಿಸಬೇಕು. ಅಭಿವೃದ್ಧಿ ನಡೆಯುವ ಮುಖ್ಯ ಶಾಖೆಯಲ್ಲಿ ಬೇಕಾದರೆ ಹೊಸದನ್ನು ಇಟ್ಟು, ಸ್ಥಿರ ಶಾಖೆ ಕವಲೊಡೆಯುವ ಮೊದಲು ಅದು ದೀರ್ಘಾವಧಿಯ ಸರಣಿಗೆ ಬಂದು ನಿಲ್ಲುವಂತೆ ನೋಡಿಕೊಳ್ಳಬಹುದು. ಇಷ್ಟು ಲೆಕ್ಕಾಚಾರ ಮಾಡಲು ಬಿಡುವಿರುವವರಿಗೆ ಮಾತ್ರ ಅದು ಹೊಂದುತ್ತದೆ.

ಸಾರ್ವಜನಿಕ ಫೀಡೋ, ಸ್ವಂತ ಫೀಡೋ

ಓಪನ್‌ಡಬ್ಲ್ಯೂಆರ್‌ಟಿಯ ಪ್ಯಾಕೇಜುಗಳ ಸಾರ್ವಜನಿಕ ಫೀಡಿನಲ್ಲಿ, ಎಂದರೆ ಪ್ಯಾಕೇಜು ಕಟ್ಟುವ ವಿವರಗಳ ಸಂಗ್ರಹದಲ್ಲಿ, ಓಪನ್ ವಿಸ್ವಿಚ್ ಇದೆ. ಅದರಲ್ಲಿ ಇಲ್ಲದ ಒಂದು ಚಿಕ್ಕ ಬದಲಾವಣೆ ಬೇಕಾದಾಗ ನಮ್ಮದೇ ಫೀಡ್ ಮಾಡಿಕೊಂಡು ಪ್ಯಾಕೇಜಿನ ಪ್ರತಿಯನ್ನು ಅಲ್ಲಿಡುವ ಆಸೆ ಸಹಜ. ಅರ್ಧ ಗಂಟೆಯ ಕೆಲಸ ಅದು. ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ. ಎರಡು ವರ್ಷ ನಾನು ಹಾಗೆಯೇ ನಡೆಸಿದೆ. ಆ ಅವಧಿಯಲ್ಲಿ ನನ್ನ ಪ್ರತಿಯಲ್ಲಿ ಏಳು ಪ್ಯಾಚುಗಳು (ಮೂಲಕ್ಕೆ ಹಚ್ಚುವ ತೇಪೆಗಳು) ಕೂಡಿಕೊಂಡವು, ಅವುಗಳಲ್ಲಿ ಮೂರು ಯಾಕೆ ಇವೆಯೆಂದು ನನಗೇ ನೆನಪಿರಲಿಲ್ಲ.

ಪ್ಯಾಚುಗಳು ಬೇಕಾಗುವುದು ಸಾಮಾನ್ಯವಾಗಿ ಎರಡು ಕಡೆ. ಓಪನ್‌ಡಬ್ಲ್ಯೂಆರ್‌ಟಿ ಬಳಸುವ ಸಿ ಲೈಬ್ರರಿ ಮಸಲ್. ದೊಡ್ಡ ಲಿನಕ್ಸ್ ವಿತರಣೆಗಳ ಗ್ಲಿಬ್‌ಸಿಯನ್ನು ಮಾತ್ರ ಮನಸ್ಸಿನಲ್ಲಿಟ್ಟು ಬರೆದ ಮೂಲದಲ್ಲಿ ಕರ್ನಲಿನ ಹೆಡರೂ ಮಸಲಿನ ಹೆಡರೂ ಒಂದೇ ರಚನೆಯನ್ನು ಎರಡು ಸಲ ಹೇಳಿ ಕಟ್ಟುವ ಕೆಲಸ ಅರ್ಧಕ್ಕೇ ನಿಲ್ಲುವುದುಂಟು. ಎರಡನೆಯದು ಬೇರೆ ಪ್ರೊಸೆಸರಿಗೆಂದು ಕಟ್ಟುವಾಗ ಬರುವ ತೊಡಕು: ಕಟ್ಟುವ ಯಂತ್ರದಲ್ಲಿ ಒಂದು ಸಣ್ಣ ಪ್ರೋಗ್ರಾಮನ್ನು ಓಡಿಸಿ ನೋಡಿ ತೀರ್ಮಾನಿಸುವ ಪರೀಕ್ಷೆಗಳು ಮಿಪ್ಸ್ ರೂಟರಿನ ಬಗ್ಗೆ ತಪ್ಪು ಉತ್ತರ ಕೊಡುತ್ತವೆ. ಈ ಎರಡೂ ನನ್ನೊಬ್ಬನ ತೊಂದರೆಗಳಲ್ಲ. ಆದುದರಿಂದ ಅವುಗಳ ಪರಿಹಾರ ಓಪನ್ ವಿಸ್ವಿಚ್ಚಿನ ಮೂಲಕ್ಕೇ ಹೋಗಬೇಕು. ಅಲ್ಲಿ ಸೇರಿದ ದಿನ ಪ್ಯಾಚನ್ನು ಅಳಿಸಿಬಿಡಬಹುದು. ಮೂಲದವರು ಒಪ್ಪದಿದ್ದಾಗ ಸಾರ್ವಜನಿಕ ಫೀಡಿನಲ್ಲಿ ಇಡಿ, ಯಾಕೆ ಬೇಕಾಯಿತೆಂಬುದನ್ನು ಪ್ಯಾಚಿನ ತಲೆಯಲ್ಲಿಯೇ ಎರಡು ವಾಕ್ಯ ಬರೆಯಿರಿ. ನಿಮ್ಮ ಊರಿಗೆ ಮಾತ್ರ ಬೇಕಾದ ಸೆಟ್ಟಿಂಗಿಗೆ ಪ್ಯಾಚು ಬೇಡವೇ ಬೇಡ. ಅದು ಕಾನ್ಫಿಗರೇಶನ್ ಕಡತದಲ್ಲಿ ಇರಬೇಕು.

ಸಾರ್ವಜನಿಕ ಫೀಡಿನ ದಾರಿ ನಿಧಾನ ಎಂಬುದು ನಿಜ. ಬದಲಾವಣೆಯನ್ನು ಕಳಿಸಿದವರ ಸಹಿಯ ಸಾಲು ಇಲ್ಲದಿದ್ದರೆ, ಆವೃತ್ತಿ ಏರಿಸಿಯೂ ಬಿಡುಗಡೆ ಸಂಖ್ಯೆಯನ್ನು 1ಕ್ಕೆ ತರದಿದ್ದರೆ, ಹಳೆಯ ಪ್ಯಾಚುಗಳನ್ನು ಹೊಸ ಮೂಲಕ್ಕೆ ತಕ್ಕಂತೆ ನವೀಕರಿಸದಿದ್ದರೆ ಅದನ್ನು ಹಿಂದಕ್ಕೆ ಕಳಿಸುತ್ತಾರೆ. ಅದರ ಬದಲಿಗೆ ಸಿಗುವುದು ದೊಡ್ಡದು: ಕರ್ನಲ್ ಬದಲಾದಾಗ ಎಲ್ಲ ಬಗೆಯ ರೂಟರುಗಳಿಗೂ ಯೋಜನೆಯ ಯಂತ್ರಗಳೇ ಪ್ಯಾಕೇಜನ್ನು ಮತ್ತೆ ಕಟ್ಟುತ್ತವೆ, ಮುರಿದರೆ ಬೇರೆಯವರ ಕಣ್ಣಿಗೂ ಬೀಳುತ್ತದೆ. ನನ್ನ ಏಳು ಪ್ಯಾಚುಗಳಲ್ಲಿ ಈಗ ಉಳಿದಿರುವುದು ಒಂದೂ ಇಲ್ಲ.

ರೂಟರಿಗೆ ಹಾಕುವುದು ಹೇಗೆ

ಈ ಭಾಗವನ್ನು ನನ್ನ ತಪ್ಪಿನಿಂದಲೇ ಆರಂಭಿಸಬೇಕು. 2024ರ ಮಳೆಗಾಲದಲ್ಲಿ, ತೋಡಿನ ಆಚೆಗಿರುವ ಮನೆಯ ರೂಟರನ್ನು ನಾನು ದೂರದಿಂದಲೇ 22.03ರಿಂದ 23.05ಕ್ಕೆ ಏರಿಸಿದೆ. ಫರ್ಮ್‌ವೇರನ್ನು ಏರಿಸುವ ಸಿಸ್‌ಅಪ್‌ಗ್ರೇಡ್ ಕಾನ್ಫಿಗರೇಶನ್ ಕಡತಗಳನ್ನು ಉಳಿಸುತ್ತದೆ, ಆಮೇಲೆ ನಾವು ಹಾಕಿಕೊಂಡ ಪ್ಯಾಕೇಜುಗಳನ್ನು ಉಳಿಸುವುದಿಲ್ಲ. ಇದು ನನಗೆ ಗೊತ್ತಿತ್ತು. ಏರಿಸಿದ ಮೇಲೆ ಓಪನ್ ವಿಸ್ವಿಚ್ಚನ್ನು ಮತ್ತೆ ಹಾಕಿದರಾಯಿತು ಎಂದುಕೊಂಡಿದ್ದೆ. ಆದರೆ ಆ ಮನೆಗೆ ಇಂಟರ್‌ನೆಟ್ ಬರುವುದು ಗೋದಾಮಿನಿಂದ ನಿಸ್ತಂತು ಕೊಂಡಿಯಲ್ಲಿ, ಆ ಕೊಂಡಿಯ ಪೋರ್ಟು ಇದ್ದುದು ಓಪನ್ ವಿಸ್ವಿಚ್ಚಿನ ಬ್ರಿಡ್ಜಿನಲ್ಲಿ. ರೂಟರು ಎದ್ದಾಗ ಬ್ರಿಡ್ಜು ಇರಲಿಲ್ಲ, ಬ್ರಿಡ್ಜಿಲ್ಲದೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದೆ ಪ್ಯಾಕೇಜು ಸಿಗುವುದಿಲ್ಲ. ತೋಡು ತುಂಬಿ ಸಂಕದ ಮೇಲೆ ನೀರು ಹರಿಯುತ್ತಿದ್ದುದರಿಂದ ಮರುದಿನ ಮಧ್ಯಾಹ್ನದ ತನಕ ಆ ಮನೆಯವರಿಗೆ ಸಂಪರ್ಕವೇ ಇರಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ, ಫೇಲ್‌ಸೇಫ್ ಎಂಬ ತುರ್ತು ಸ್ಥಿತಿಯಲ್ಲಿ ರೂಟರನ್ನು ತೆರೆದು ಸರಿಪಡಿಸಿದೆ. ಆ ಮನೆಯಿಂದ ಓಪನ್ ವಿಸ್ವಿಚ್ ತೆಗೆದದ್ದು ಅದೇ ದಿನ.

ಇದರಿಂದ ತಪ್ಪಿಸಿಕೊಳ್ಳಲು ಪ್ಯಾಕೇಜು ಫರ್ಮ್‌ವೇರಿನ ಚಿತ್ರದೊಳಗೇ (ರೂಟರಿಗೆ ಹಾಕುವ ಇಮೇಜ್ ಕಡತದೊಳಗೇ) ಇರಬೇಕು. ಅದಕ್ಕೆ ಮೂರು ಸಾಧನಗಳಿವೆ. ಇಮೇಜ್ ಬಿಲ್ಡರ್ ಮೊದಲೇ ಕಟ್ಟಿದ ಪ್ಯಾಕೇಜುಗಳನ್ನು ಜೋಡಿಸಿ ಚಿತ್ರ ಮಾಡಿಕೊಡುತ್ತದೆ, ಏನನ್ನೂ ಕಟ್ಟುವುದಿಲ್ಲ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೆಲವೇ ನಿಮಿಷಗಳ ಕೆಲಸ. ಎಸ್‌ಡಿಕೆ ಒಂದೊಂದು ಪ್ಯಾಕೇಜನ್ನು ಮಾತ್ರ ಕಟ್ಟಲು ಇರುವುದು. ಬಳಕೆದಾರರ ವಲಯದ ಭಾಗವನ್ನು ತಿದ್ದಿ ನೋಡುವವರಿಗೆ ಬಹಳ ಅನುಕೂಲ. ಪೂರ್ತಿ ಬಿಲ್ಡ್‌ರೂಟ್ ಕಂಪೈಲರಿನಿಂದ ಹಿಡಿದು ಕರ್ನಲಿನ ತನಕ ಎಲ್ಲವನ್ನೂ ಕಟ್ಟುತ್ತದೆ, ಗಂಟೆಗಟ್ಟಲೆ ಹೊತ್ತು ಹಿಡಿಯುತ್ತದೆ. ದಿನಕ್ಕೆ ಎರಡು ಸಲ ಕರೆಂಟು ಹೋಗುವ ನಮ್ಮ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕುವುದು ಕಷ್ಟ. ಬಿಲ್ಡ್‌ರೂಟಿನಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕರ್ನಲ್ ಮಾಡ್ಯೂಲಿನ ಪ್ಯಾಕೇಜುಗಳು ಕರ್ನಲಿನ ಸೆಟ್ಟಿಂಗುಗಳಿಂದ ಹುಟ್ಟಿದ ಒಂದು ಗುರುತಿಗೆ ಕಟ್ಟುಬಿದ್ದಿರುತ್ತವೆ. ನಿಮ್ಮ ಕರ್ನಲಿನ ಸೆಟ್ಟಿಂಗು ಬದಲಾದರೆ ಗುರುತೂ ಬದಲಾಗುತ್ತದೆ, ಅಧಿಕೃತ ಭಂಡಾರದ ಮಾಡ್ಯೂಲುಗಳು ಆ ರೂಟರಿಗೆ ಮುಂದೆ ಹೊಂದುವುದಿಲ್ಲ.

ಪ್ಯಾಕೇಜು ಬಳಸುವವರಿಗೆ ಇಮೇಜ್ ಬಿಲ್ಡರ್ ಸಾಕು. ಪ್ಯಾಕೇಜು ತಿದ್ದುವವರು ಎಸ್‌ಡಿಕೆಯಿಂದ ತೊಡಗಲಿ. ಮಾಡ್ಯೂಲಿನ ವಿಚಾರಕ್ಕೆ ಬಂದಾಗ ಮಾತ್ರ ಬಿಲ್ಡ್‌ರೂಟ್. ಯಾವುದನ್ನು ಆರಿಸಿದರೂ ಒಂದು ಪೋರ್ಟನ್ನು ಓಪನ್ ವಿಸ್ವಿಚ್ಚಿನ ಹೊರಗೆ, ನಿರ್ವಹಣೆಗೆಂದೇ ಬಿಡಿಯಾಗಿ ಇಟ್ಟುಕೊಳ್ಳಿ. ಒಂದು ಇಂಟರ್‌ಫೇಸ್ ಒಂದೇ ಸಮಯದಲ್ಲಿ ಲಿನಕ್ಸ್ ಬ್ರಿಡ್ಜಿನಲ್ಲಿಯೂ ಓಪನ್ ವಿಸ್ವಿಚ್ಚಿನಲ್ಲಿಯೂ ಇರಲಾರದು ಎಂಬುದೂ ಆಗ ನೆನಪಿನಲ್ಲಿರಲಿ.

ಸೆಟ್ಟಿಂಗುಗಳನ್ನು ಎಲ್ಲಿ ಇಡಬೇಕು

ಓಪನ್ ವಿಸ್ವಿಚ್ ತನ್ನ ಬ್ರಿಡ್ಜು, ಪೋರ್ಟುಗಳ ವಿವರವನ್ನು ತನ್ನದೇ ಡೇಟಾಬೇಸಿನಲ್ಲಿ ಇಡುತ್ತದೆ. ಅದರ ಮಾತುಕತೆಯ ವಿಧಾನ 2013ರ ಆರ್‌ಎಫ್‌ಸಿ 7047 ಎಂಬ ಇಂಟರ್‌ನೆಟ್ ದಾಖಲೆಯಲ್ಲಿದೆ. ಓಪನ್‌ಡಬ್ಲ್ಯೂಆರ್‌ಟಿಯ ಪದ್ಧತಿಯಾದರೋ ಎಲ್ಲವನ್ನೂ ಯುಸಿಐ ಎಂಬ ಸರಳ ಸೆಟ್ಟಿಂಗು ಕಡತಗಳಲ್ಲಿ ಇಡುವುದು. ಎರಡರಲ್ಲಿ ಯಾವುದು ಪ್ರಮಾಣ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ, ಒಂದು ದಿನ ಎರಡೂ ಬೇರೆ ಬೇರೆ ಮಾತು ಹೇಳುತ್ತವೆ. ಕಂಟ್ರೋಲರ್ ಸದಾ ಬದಲಾಯಿಸುತ್ತಿರುವ ಕಡೆ ಡೇಟಾಬೇಸನ್ನು ಫ್ಲಾಶಿನಲ್ಲಿ ಉಳಿಸಿ, ಸಿಸ್‌ಅಪ್‌ಗ್ರೇಡ್ ಉಳಿಸಬೇಕಾದ ಕಡತಗಳ ಪಟ್ಟಿಗೆ ಅದನ್ನು ಸೇರಿಸಬೇಕು. ಅಲ್ಲಿ ಬರುವ ತೊಂದರೆ ಆವೃತ್ತಿಯದು: ಹೊಸ ಆವೃತ್ತಿಯಲ್ಲಿ ಡೇಟಾಬೇಸಿನ ವಿನ್ಯಾಸ ಬದಲಾದರೆ ಅದನ್ನು ಪರಿವರ್ತಿಸಬೇಕು, ಹಿಂದಿನ ಆವೃತ್ತಿಗೆ ಮರಳುವಾಗ ಹಳೆಯ ಪ್ರತಿ ಇಲ್ಲದಿದ್ದರೆ ಕಷ್ಟ. ಫ್ಲಾಶ್ ಸವೆಯುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಸೆಕೆಂಡುಗಳ ಅಂತರದಲ್ಲಿ ಬದಲಾಗುವ ಪ್ಯಾಕೆಟ್ ಎಣಿಕೆಗಳು ಡಿಸ್ಕಿಗೆ ಬರೆಯದ ಕಾಲಮುಗಳಲ್ಲಿ ಇರುವುದರಿಂದ ಆ ಹೆದರಿಕೆ ಬಹುಮಟ್ಟಿಗೆ ಬೇಡ. ನಿಜವಾದ ಸೆಟ್ಟಿಂಗು ಬದಲಾದಾಗ ಮಾತ್ರ ಫ್ಲಾಶಿಗೆ ಬರೆಯಲ್ಪಡುತ್ತದೆ.

ನಮ್ಮಂಥ ಚಿಕ್ಕ ಕಡೆಗಳಿಗೆ ಯುಸಿಐಯನ್ನೇ ಪ್ರಮಾಣವಾಗಿಟ್ಟು, ರೂಟರು ಏಳುವಾಗ ಅದರಿಂದ ಡೇಟಾಬೇಸನ್ನು ಹೊಸದಾಗಿ ತುಂಬುವುದು ಮೇಲು. ಗೋದಾಮಿನಲ್ಲಿ ಹಾಗೆಯೇ ಮಾಡಿದ್ದೇನೆ. ತುಲಾ ತಿಂಗಳ ಸಿಡಿಲಿಗೆ ಒಂದು ರೂಟರು ಸುಟ್ಟುಹೋದಾಗ, ಅದೇ ಮಾದರಿಯ ಇನ್ನೊಂದಕ್ಕೆ ಉಳಿಸಿಟ್ಟಿದ್ದ ಚಿತ್ರವನ್ನೂ ಕಾನ್ಫಿಗರೇಶನ್ನನ್ನೂ ಹಾಕಿ ಅದೇ ಸಂಜೆ ಕೆಲಸ ಮುಗಿಸಲು ಸಾಧ್ಯವಾಯಿತು. ವಾಚನಾಲಯದಲ್ಲಿ ಕಂಟ್ರೋಲರ್ ಒಂದು ಲ್ಯಾಪ್‌ಟಾಪಿನಲ್ಲಿದೆ, ಮಕ್ಕಳು ಅದನ್ನು ಮುಚ್ಚಿಟ್ಟು ಮನೆಗೆ ಹೋಗುತ್ತಾರೆ. ಅಲ್ಲಿ ಬ್ರಿಡ್ಜಿನ ವೈಫಲ್ಯದ ರೀತಿಯನ್ನು ಸ್ಟ್ಯಾಂಡ್‌ಅಲೋನ್ ಎಂದು ಇಟ್ಟಿದ್ದೇನೆ: ಕಂಟ್ರೋಲರ್ ಸಿಗದಾಗ ಅದು ಸಾಮಾನ್ಯ ಸ್ವಿಚ್ಚಿನಂತೆ ನಡೆಯುತ್ತದೆ, ಓದಲು ಬಂದವರಿಗೆ ತೊಂದರೆಯಾಗುವುದಿಲ್ಲ. ಸೆಕ್ಯೂರ್ ಎಂದಿಟ್ಟಿದ್ದರೆ ಕಂಟ್ರೋಲರ್ ಇಲ್ಲದಾಗ ಬ್ರಿಡ್ಜು ತಾನಾಗಿ ನಿಯಮಗಳನ್ನು ಹಾಕಿಕೊಳ್ಳುವುದಿಲ್ಲ. ಭದ್ರತೆಯೇ ಮುಖ್ಯವಾದ ಕಡೆ ಅದು ಸರಿ.

ಪರೀಕ್ಷೆ ಎಷ್ಟು ಸಾಕು

ಎಲ್ಲ ಬಗೆಯ ರೂಟರುಗಳಲ್ಲಿ ಪರೀಕ್ಷಿಸಲು ಯಾರಿಂದಲೂ ಆಗದು. ಎರಡನ್ನು ಮಾತ್ರ ಆರಿಸಬೇಕಾದರೆ ನಾನು ಎಆರ್‌ಎಂ ಅಥವಾ ಎಕ್ಸ್86ನ ಒಂದನ್ನೂ ಎಟಿಎಚ್79 ವರ್ಗದ (ಮಿಪ್ಸ್ ಪ್ರೊಸೆಸರಿನ) ಒಂದನ್ನೂ ಆರಿಸುತ್ತೇನೆ. ಎಟಿಎಚ್79ರಲ್ಲಿ ಬೈಟುಗಳ ಕ್ರಮ ತಿರುಗುಮುರುಗು, ಪ್ರೊಸೆಸರು 32 ಬಿಟ್ಟಿನದು. ಪ್ಯಾಕೆಟ್‌ಗಳನ್ನು ಬಿಡಿಸುವ ಪ್ರೋಗ್ರಾಮಿನಲ್ಲಿ ಬೈಟು ಕ್ರಮದ ತಪ್ಪುಗಳೂ, 64 ಬಿಟ್ಟಿನ ಅಟಾಮಿಕ್ ಕ್ರಿಯೆಗಳಿಗೆ ಬೇಕಾದ ಲೈಬ್ರರಿಯನ್ನು ಸೇರಿಸಲು ಮರೆತ ತಪ್ಪುಗಳೂ ಅಲ್ಲಿಯೇ ಹೊರಬೀಳುತ್ತವೆ. ಕಟ್ಟುವ ಕೆಲಸ ಮುಗಿಯಿತೆಂದರೆ ಸಾಲದು. ಬ್ರಿಡ್ಜು ಮಾಡಿ, ಎರಡು ಪೋರ್ಟು ಸೇರಿಸಿ, ಒಂದು ಸುರಂಗ ತೆರೆದು, ರೂಟರನ್ನು ಎರಡು ಸಲ ಮರುಚಾಲನೆ ಮಾಡಿ ನೋಡಬೇಕು. ಎರಡನೆಯ ಸಲದ ಮರುಚಾಲನೆಯಲ್ಲಿಯೇ ಸೇವೆಗಳು ಏಳುವ ಕ್ರಮದ ದೋಷಗಳು ನನಗೆ ಹೆಚ್ಚಾಗಿ ಕಂಡಿವೆ.

2024ರ ನವೆಂಬರಿನಿಂದ ಓಪನ್‌ಡಬ್ಲ್ಯೂಆರ್‌ಟಿಯ ಮುಖ್ಯ ಶಾಖೆಯಲ್ಲಿ ಪ್ಯಾಕೇಜುಗಳನ್ನು ರೂಟರಿಗೆ ಹಾಕುವ ಸಾಧನವಾಗಿ ಓಪಿಕೆಜಿಯ ಬದಲು ಎಪಿಕೆ ಬಂದಿದೆ, 24.10ರಲ್ಲಿ ಓಪಿಕೆಜಿಯೇ ಇದೆ. ಎಪಿಕೆ ಆವೃತ್ತಿ ಸಂಖ್ಯೆಯ ರೂಪದ ವಿಷಯದಲ್ಲಿ ಕಟ್ಟುನಿಟ್ಟು. ಸ್ವಂತ ಫೀಡಿನಲ್ಲಿ ಆವೃತ್ತಿಯ ಕೊನೆಗೆ ಊರಿನ ಹೆಸರನ್ನೋ ತಾರೀಕನ್ನೋ ಅಂಟಿಸಿಕೊಂಡಿರುವವರು ಅದನ್ನು ಈಗಲೇ ತೆಗೆದು, ಬಿಡುಗಡೆ ಸಂಖ್ಯೆಯನ್ನು ಬರಿಯ ಪೂರ್ಣಾಂಕವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಪ್ಯಾಕೇಜು ಕಟ್ಟುವ ವಿವರವಿರುವ ಮೇಕ್‌ಫೈಲಿನಲ್ಲಿ ನಿರ್ವಾಹಕರೆಂದು ನಿಮ್ಮ ಹೆಸರಿದ್ದು, ಮುಂದಿನ ಕರ್ನಲಿಗೆ ಇದನ್ನು ಕಟ್ಟಿ ನೋಡಲು ನಿಮ್ಮಿಂದಾಗದು ಎಂದು ಗೊತ್ತಾದರೆ, ಹೆಸರನ್ನು ತೆಗೆಯುವ ಬದಲಾವಣೆಯನ್ನು ನೀವೇ ಕಳಿಸಿ. ಖಾಲಿ ಜಾಗ ಕಂಡರೆ ಇನ್ನೊಬ್ಬರು ಮುಂದೆ ಬರಬಹುದು.